ಡೋರ್ನುಮ್‌ನಲ್ಲಿ ಐದು ದಿನ: ಕಿಟ್ಟೆಲ್ ಹುಟ್ಟೂರಿನ ಒಡ್ಡು, ತೂಬು, ಕೆಸರು

ಮೊದಲನೆಯ ದಿನ, ಭಾನುವಾರ

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ಹತ್ತಿರವಿರುವ ಡೋರ್ನುಮ್ ಎಂಬ ಗ್ರಾಮಕ್ಕೆ ರೈಲಿನಲ್ಲಿಯೇ ಹೋಗಿ ಇಳಿಯಬೇಕೆಂಬ ಹಟವಿದ್ದವರು ಬೇಸಿಗೆಯ ಭಾನುವಾರವನ್ನೇ ಆರಿಸಿಕೊಳ್ಳಬೇಕು. ನೋರ್ಡೆನ್ ಪಟ್ಟಣದಿಂದ ಡೋರ್ನುಮ್‌ವರೆಗಿನ ಸುಮಾರು 17 ಕಿಲೋಮೀಟರ್ ಹಳಿಯ ಮೇಲೆ ದಿನನಿತ್ಯದ ಪ್ರಯಾಣಿಕರ ರೈಲು 1983ರಲ್ಲಿಯೇ ನಿಂತುಹೋಯಿತು. ಈಗ ಅಲ್ಲಿ ಓಡುವುದು ಹಳೆಯ ಗಾಡಿಗಳ ಮೇಲಿನ ಪ್ರೀತಿಗಾಗಿ ಸ್ವಯಂಸೇವಕರು ನಡೆಸುವ ರೈಲು ಮಾತ್ರ. ಬ್ರೆಮೆನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗಳು ಇದನ್ನೆಲ್ಲ ಮುಂಚಿತವಾಗಿ ವಿಚಾರಿಸಿಕೊಂಡು, ತಾನೂ ರಜೆ ಹಾಕಿ, ಜೂನ್ ತಿಂಗಳ ಒಂದು ಭಾನುವಾರ ನನ್ನನ್ನು ಆ ರೈಲಿನ ಮರದ ಬೆಂಚಿನ ಮೇಲೆ ತಂದು ಕೂರಿಸಿದಳು.

ಕಿಟಕಿಯಾಚೆ ಬೆಟ್ಟವಿರಲಿ, ಒಂದು ಗುಡ್ಡವೂ ಕಾಣಲಿಲ್ಲ. ಕುಮಟೆಯಲ್ಲಿ ಹುಟ್ಟಿ ಬೆಳೆದ ನನಗೆ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಘಟ್ಟ ಎಂಬುದು ದಿಕ್ಕು ಗುರುತಿಸುವ ಅಭ್ಯಾಸವೇ ಆಗಿಬಿಟ್ಟಿದೆ. ಇಲ್ಲಿ ದಿಕ್ಕು ತೋರಿಸುವುದಕ್ಕೆ ಚರ್ಚಿನ ಗೋಪುರಗಳನ್ನು ಬಿಟ್ಟರೆ ಗಾಳಿಯಂತ್ರಗಳ ರೆಕ್ಕೆಗಳು ಮಾತ್ರ. ನೀರು ತುಂಬಿದ ನೇರ ಕಾಲುವೆಗಳು, ಕಪ್ಪು ಬಿಳುಪಿನ ಹಸುಗಳು, ಮನೆ ಕೊಟ್ಟಿಗೆ ಕಣಜಗಳೆಲ್ಲವನ್ನೂ ಒಂದೇ ದೊಡ್ಡ ಮಾಡಿನ ಕೆಳಗೆ ಅಡಗಿಸಿಕೊಂಡ ಕೆಂಪಿಟ್ಟಿಗೆಯ ರೈತಮನೆಗಳು ಒಂದರ ಹಿಂದೊಂದು ಸಾಗಿಹೋದವು.

ನಾನು ಇಷ್ಟು ದೂರ ಬಂದ ಕಾರಣವನ್ನು ಹೇಳಬೇಕು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನಗೆ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರು ಬಳಕೆಯಲ್ಲಿ ಸವೆದುಹೋದ ನಾಣ್ಯದಂತೆ ಆಗಿತ್ತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆಯನ್ನು ನೋಡಿದ್ದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ, ಎಪ್ಪತ್ತು ಸಾವಿರದಷ್ಟು ಪದಗಳಿರುವ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಸಾವಿರ ಸಲ ತೆರೆದಿದ್ದೆ. ಅವರು 1832ರ ಏಪ್ರಿಲ್‌ನಲ್ಲಿ ಪೂರ್ವ ಫ್ರೀಸಿಯ ಎಂಬ ಈ ಕರಾವಳಿ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಅಲ್ಲಿನ ಪಾದ್ರಿಯ ಮಗನಾಗಿ ಹುಟ್ಟಿದರು ಎಂಬ ಸಾಲನ್ನು ಮಕ್ಕಳಿಂದ ಬಾಯಿಪಾಠವನ್ನೂ ಮಾಡಿಸಿದ್ದೆ. ಆದರೆ ಆ ಹಳ್ಳಿ ಎಂಥದು, ಅದರ ನೆಲ ಎಂಥದು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಆ ರೆಸ್ಟರ್‌ಹಾಫೆ ಈಗ ಡೋರ್ನುಮ್ ಗ್ರಾಮಾಡಳಿತಕ್ಕೆ ಸೇರಿದ ಹಳ್ಳಿಗಳಲ್ಲಿ ಒಂದು.

ಉಳಿದುಕೊಳ್ಳಲು ಹಿಡಿದಿದ್ದ ಮನೆಯ ಒಡತಿ ವಯಸ್ಸಾದವರು. "ಮೊಯಿನ್" ಎಂದು ನಮ್ಮನ್ನು ಎದುರುಗೊಂಡರು. ಬೆಳಗ್ಗೆಯಾದರೂ ರಾತ್ರಿಯಾದರೂ ಇಲ್ಲಿ ಅದೊಂದೇ ನಮಸ್ಕಾರ. ಸಾಮಾನು ಇಳಿಸುವುದರೊಳಗೆ ಚಹಾಕ್ಕೆ ಕರೆದರು. ಪೂರ್ವ ಫ್ರೀಸಿಯದ ಚಹಾ ಕುಡಿಯುವ ಸಂಪ್ರದಾಯವು 2016ರಲ್ಲಿ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದೆ. ತೆಳುವಾದ ಪಿಂಗಾಣಿ ಬಟ್ಟಲಿನ ತಳಕ್ಕೆ ಮೊದಲು ಒಂದು ಕಲ್ಲುಸಕ್ಕರೆಯ ಹರಳು. ಅದರ ಮೇಲೆ ಕಡುಗೆಂಪಾದ ಬಿಸಿ ಚಹಾ ಸುರಿದಾಗ ಹರಳು ಚಿಟಿಲೆಂದು ಸೀಳಿದ ಸದ್ದು ಕೇಳಬೇಕು. ಆಮೇಲೆ ಬಟ್ಟಲಿನ ಅಂಚಿನಿಂದ ಒಂದು ಪುಟ್ಟ ಚಮಚ ಹಾಲುಕೆನೆ. ಅದು ತಳಕ್ಕಿಳಿದು ಮೋಡದಂತೆ ಮೇಲೆದ್ದು ಬರುತ್ತದೆ. ನಾನು ಅಭ್ಯಾಸಬಲದಿಂದ ಚಮಚ ಹಾಕಿ ಕಲಕಲು ಹೋದೆ. ಒಡತಿ ಹಾಗೆ ಮಾಡಬಾರದೆಂದು ತಲೆಯಾಡಿಸಿದರು. ಕಲಕಕೂಡದು, ಮೊದಲ ಗುಟುಕು ಕೆನೆಯದು, ನಡುವಿನದು ಕಹಿಯದು, ಕೊನೆಯದು ಸಿಹಿಯದು. ಮೂರು ಬಟ್ಟಲಿಗಿಂತ ಕಡಿಮೆ ಕುಡಿದರೆ ಮರ್ಯಾದೆಯಲ್ಲ. ಸಾಕಾಯಿತೆಂದರೆ ಚಮಚವನ್ನು ಬಟ್ಟಲಿನೊಳಗೆ ನಿಲ್ಲಿಸಬೇಕು. ಈ ಸೂಚನೆ ತಿಳಿಯುವಷ್ಟರಲ್ಲಿ ನನಗೆ ಐದನೆಯ ಬಟ್ಟಲು ಬಂದಿತ್ತು. ಎಲೆ ಬಹುಪಾಲು ಅಸ್ಸಾಮಿನದು ಎಂದಾಗ ನನಗೆ ಸ್ವಲ್ಪ ನೆಂಟಸ್ತಿಕೆ ಹುಟ್ಟಿತು. 1778ರಲ್ಲಿ ಪ್ರಷ್ಯದ ರಾಜ ಫ್ರೆಡರಿಕ್ ಈ ಜನರ ಚಹಾ ಬಿಡಿಸಲು ಹೊರಟು ಸೋತನಂತೆ. ಒಡತಿಯ ಕೆಟಲು ನೋಡಿದರೆ ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರಿರಲಿಲ್ಲ. ಕಡಲು ಎಲ್ಲಿದೆ ಎಂದು ಕೇಳಿದೆ. ಉತ್ತರಕ್ಕೆ, ಐದಾರು ಕಿಲೋಮೀಟರ್ ದೂರದಲ್ಲಿ, ಒಡ್ಡಿನ ಹಿಂದೆ ಎಂದರು. ಕಡಲನ್ನು ಒಡ್ಡಿನ ಹಿಂದೆ ಇದೆ ಎಂದು ಹೇಳುವ ಜನರನ್ನು ನಾನು ಅದೇ ಮೊದಲು ಕಂಡದ್ದು.

ಎರಡನೆಯ ದಿನ, ಸೋಮವಾರ

ರೆಸ್ಟರ್‌ಹಾಫೆಗೆ ನಡೆದೇ ಹೊರಟೆವು. ಹೊಲಗಳ ನಡುವಿನ ದಾರಿ. ಬದಿಯ ಕಾಲುವೆಯಲ್ಲಿ ಜೊಂಡು ಗಾಳಿಗೆ ಒಂದೇ ಕಡೆ ವಾಲಿ ನಿಂತಿತ್ತು. ಹಳ್ಳಿ ಎಂದರೆ ಮರಗಳ ಒಂದು ಗುಂಪು, ಅದರೊಳಗೆ ಕೆಲವು ಮನೆಗಳು, ಸುತ್ತಲಿನ ನೆಲಕ್ಕಿಂತ ಆಳೆತ್ತರ ಮೇಲಿರುವ ದಿಬ್ಬದ ಮೇಲೆ ಸಂತ ಮ್ಯಾಥ್ಯೂ ಹೆಸರಿನ ಮಧ್ಯಯುಗದ ಚಿಕ್ಕ ಚರ್ಚು, ಅದರ ಸುತ್ತ ಸಮಾಧಿಗಳು. ಬಾಗಿಲು ಹಾಕಿತ್ತು. ಮುಂಚಿತವಾಗಿ ತಿಳಿಸಿ ಬರಬೇಕಿತ್ತು. ಅದು ನಮ್ಮದೇ ತಪ್ಪು. ಗಾಜಿನ ಕಿಟಕಿಗೆ ಕೈಮರೆ ಹಿಡಿದು ನೋಡಿದಾಗ ಬೆಂಚುಗಳ ಸಾಲು ಮಸಕಾಗಿ ಕಂಡಿತು. ಕಿಟ್ಟೆಲ್ ಅವರ ತಂದೆ ಭಾನುವಾರಗಳಂದು ಉಪದೇಶ ಮಾಡುತ್ತಿದ್ದುದು ಇಲ್ಲಿಯೇ.

ಭಾವುಕನಾಗಬೇಕೆಂದು ಬಂದವನಿಗೆ ಆ ಕ್ಷಣದಲ್ಲಿ ಅಂಥದ್ದೇನೂ ಆಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬದಲಾಗಿ ಒಂದು ಕುತೂಹಲ ಹುಟ್ಟಿತು: ಇಷ್ಟು ಸಮತಟ್ಟಾದ ಊರಿನಲ್ಲಿ ಚರ್ಚಿಗೆ ಮಾತ್ರ ಈ ದಿಬ್ಬ ಎಲ್ಲಿಂದ ಬಂತು? ಅಣ್ಣನ ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು: "ಚಿಕ್ಕಪ್ಪ, ಇದು ತಾನಾಗಿ ಇದ್ದ ದಿಬ್ಬವಲ್ಲ. ಜನ ಮಣ್ಣು ಹೊತ್ತು ಹಾಕಿ ಮಾಡಿದ್ದು." ಇಂಥ ದಿಬ್ಬಕ್ಕೆ ಇಲ್ಲಿಯವರು ವಾರ್ಫ್ಟ್ ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದೆ ಒಡ್ಡುಗಳ ಸಾಲು ಪೂರ್ತಿಯಾಗಿ ಕೂಡಿಕೊಳ್ಳುವ ಮುನ್ನ ಕಡಲಿನ ನೀರು ಬಿರುಗಾಳಿಯ ಜೊತೆ ಈ ನೆಲದ ಮೇಲೆಲ್ಲ ಹರಡುತ್ತಿತ್ತು. ಆಗ ಮನುಷ್ಯರೂ ದನಗಳೂ ದೇವರೂ ಉಳಿಯುವುದಕ್ಕೆ ಇದ್ದ ಜಾಗವೆಂದರೆ ಈ ಕೈಯಾರೆ ಪೇರಿಸಿದ ದಿಬ್ಬಗಳು. ಕಡಲು ಇಲ್ಲಿಂದ ಕಾಣುವುದಿಲ್ಲ, ಕೇಳುವುದೂ ಇಲ್ಲ. ಆದರೆ ಚರ್ಚು ನಿಂತಿರುವ ಎತ್ತರವೇ ಕಡಲಿನ ಅಳತೆ.

ಅಲ್ಲಿಯ ಬೆಂಚಿನ ಮೇಲೆ ಕೂತು ಇನ್ನೊಂದು ಸಂಗತಿ ನೆನಪಾಯಿತು. ಕಿಟ್ಟೆಲ್ ಹುಟ್ಟಿದಾಗ ಈ ಸೀಮೆ ಹ್ಯಾನೋವರ್ ರಾಜ್ಯದ ಭಾಗವಾಗಿತ್ತು, ಮತ್ತು ಹ್ಯಾನೋವರಿನ ಅಂದಿನ ದೊರೆಯೂ ಇಂಗ್ಲೆಂಡಿನ ದೊರೆಯೂ ಒಬ್ಬನೇ, ನಾಲ್ಕನೆಯ ವಿಲಿಯಂ. ಔರಿಶ್ ಪಟ್ಟಣದಲ್ಲಿ ಓದಿದ ಹುಡುಗ 1850ರಲ್ಲಿ ಬಾಸೆಲ್‌ನ ಮಿಷನ್ ಶಾಲೆ ಸೇರಿ, 1853ರಲ್ಲಿ ನಮ್ಮ ಕಡೆಗೆ ಹೊರಟ. 1903ರಲ್ಲಿ ತೀರಿಕೊಂಡದ್ದು ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಅಂದರೆ ಈ ನೆಲ ಅವರಿಗೆ ಬಾಲ್ಯದ ನೆಲ ಮಾತ್ರ. ಇದಕ್ಕಿಂತ ಹೆಚ್ಚಿನದನ್ನು ಇಲ್ಲಿ ಹುಡುಕುವುದು ತರವಲ್ಲ ಎನ್ನಿಸಿತು.

ಮಧ್ಯಾಹ್ನ ಡೋರ್ನುಮ್‌ಗೆ ಮರಳಿ ಊರಿನ ದೊಡ್ಡ ಚರ್ಚನ್ನು ನೋಡಿದೆವು. ಸಂತ ಬಾರ್ಥೊಲೊಮ್ಯೂ ಹೆಸರಿನ ಈ ಇಟ್ಟಿಗೆಯ ಕಟ್ಟಡ 13ನೆಯ ಶತಮಾನದ ಕೊನೆಯ ಭಾಗದ್ದು. ಇದೂ ದಿಬ್ಬದ ಮೇಲೆಯೇ ಇದೆ. ಗಂಟೆಯ ಗೋಪುರ ಪಕ್ಕದಲ್ಲಿ ಬೇರೆಯಾಗಿ ನಿಂತಿದೆ. ಕೈಯಿಂದ ತುಂಬಿದ ಮೆತ್ತನೆಯ ಮಣ್ಣಿನಲ್ಲಿ ಭಾರದ ಗೋಪುರವನ್ನೂ ಚರ್ಚಿನ ಗೋಡೆಯನ್ನೂ ಒಂದಕ್ಕೊಂದು ಕಟ್ಟಿದರೆ ಒಂದು ಕುಸಿದಾಗ ಇನ್ನೊಂದೂ ಬಿರಿಯುತ್ತದೆ. ಹಾಗಾಗಿ ಈ ಸೀಮೆಯ ಹಲವು ಚರ್ಚುಗಳಲ್ಲಿ ಇದೇ ಕ್ರಮ. ಒಳಗೆ 1710-11ರಲ್ಲಿ ಗೆರ್ಹಾರ್ಡ್ ಫಾನ್ ಹೋಲಿ ಕಟ್ಟಿದ ಆರ್ಗನ್ ವಾದ್ಯವಿದೆ. ಯಾರೋ ಅಭ್ಯಾಸ ಮಾಡುತ್ತಿದ್ದರು. ಅದೇ ಒಂದು ಸಾಲು ಮತ್ತೆ ಮತ್ತೆ, ಪ್ರತಿಸಲವೂ ಒಂದೇ ಕಡೆ ತಪ್ಪುತ್ತಿತ್ತು.

ಈ ಊರಿಗೆ ಒಂದು ಕಾಲಕ್ಕೆ ಮೂರು ಕೋಟೆಮನೆಗಳಿದ್ದವು. ಫ್ರೀಸಿಯನ್ನರು ಮಧ್ಯಯುಗದಲ್ಲಿ ತಮ್ಮ ಮೇಲೆ ಯಾವ ಜಹಗೀರುದಾರನೂ ಇಲ್ಲವೆಂದು ಹೆಮ್ಮೆಪಡುತ್ತಿದ್ದ ಜನ; ಆದರೂ 14ನೆಯ ಶತಮಾನದ ಹೊತ್ತಿಗೆ ಹಣವೂ ಜನಬಲವೂ ಇದ್ದ ಮನೆತನಗಳು ನಾಯಕರಾಗಿ ತಲೆಯೆತ್ತಿದವು. ನಮ್ಮ ಪಾಳೆಯಗಾರರ ಹಾಗೆ. 1514ರ ಸ್ಯಾಕ್ಸನ್ ಕಾಳಗದಲ್ಲಿ ಕೋಟೆಗಳೆಲ್ಲ ನೆಲಕಚ್ಚಿ, ಪಶ್ಚಿಮದ್ದು ಮತ್ತೆ ಏಳಲೇ ಇಲ್ಲ. ಪೂರ್ವದ ಬೆನಿಂಗಾ ಕೋಟೆ ಉಳಿದಿದೆ. ಉತ್ತರದ್ದು, ಸುತ್ತಲೂ ನೀರಿನ ಕಂದಕವಿರುವ ಅರಮನೆ, 17ನೆಯ ಶತಮಾನದಲ್ಲಿ ಬರೋಕ್ ಶೈಲಿಯಲ್ಲಿ ಹೊಸದಾಗಿ ಎದ್ದು ಈಗ ಶಾಲೆಯಾಗಿದೆ. ನಾವು ಹೋದಾಗ ಮಕ್ಕಳು ಚೀಲ ಬೆನ್ನಿಗೇರಿಸಿಕೊಂಡು ಕಂದಕದ ಸೇತುವೆಯ ಮೇಲೆ ಒಬ್ಬರನ್ನೊಬ್ಬರು ನೂಕುತ್ತ ಹೊರಗೆ ಓಡಿಬಂದರು. ಮೂವತ್ತು ವರ್ಷ ಹಂಚಿನ ಮಾಡು ಸೋರುವ ಕೋಣೆಯಲ್ಲಿ ಪಾಠ ಹೇಳಿದವನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮೂರನೆಯ ದಿನ, ಮಂಗಳವಾರ

ಸೈಕಲ್ಲು ಬಾಡಿಗೆಗೆ ಹಿಡಿದೆವು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುವ ಸೈಕಲ್ಲು ಅದು. ಮೊದಲ ತಿರುವಿನಲ್ಲಿಯೇ, ನಮ್ಮೂರಿನಲ್ಲಿ ಮಾಡುವಂತೆ ಸುಮ್ಮನೆ ಹಿಂದಕ್ಕೆ ತುಳಿದು, ನೆಟ್ಟಗೆ ನಿಂತು, ಓರೆಯಾಗಿ ಜೊಂಡಿನೊಳಗೆ ಇಳಿದೆ. ಮೊಣಕಾಲು ತರಚಿತು, ಅಷ್ಟೆ. ಮುಂದಿನ ದಾರಿಯುದ್ದಕ್ಕೂ ಎದುರುಗಾಳಿ. ಏರೇ ಇಲ್ಲದ ನಾಡಿನಲ್ಲಿ ಗಾಳಿಯೇ ಏರು.

ಡೋರ್ನುಮರ್‌ಸೀಲ್ ಎಂಬುದು ಕಡಲಂಚಿನ ಊರು. ಹೆಸರಿನ ಕೊನೆಯ 'ಸೀಲ್' ಎಂಬ ಪದವೇ ಈ ಪ್ರವಾಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ. ಊರಿನ ಉತ್ತರಕ್ಕೆ, ಕಣ್ಣು ಹಾಯುವಷ್ಟು ದೂರ ಪೂರ್ವ ಪಶ್ಚಿಮವಾಗಿ, ಹುಲ್ಲು ಹೊದೆದ ಒಡ್ಡು ಮಲಗಿದೆ. ಸುಮಾರು ಎಂಟು ಮೀಟರ್ ಎತ್ತರ. ಆದರೆ ಕಡಲ ಕಡೆಯ ಇಳಿಜಾರು ಎಷ್ಟು ಹದವಾಗಿದೆಯೆಂದರೆ ಹತ್ತುವಾಗ ಎತ್ತರ ತಿಳಿಯುವುದಿಲ್ಲ. ಕಲ್ಲಿನ ಗೋಡೆಗೆ ಅಪ್ಪಳಿಸಿದ ಅಲೆ ಬುಡವನ್ನು ಕೊರೆಯುತ್ತದೆ. ಇಳಿಜಾರಿನ ಮೇಲೆ ಓಡಿಸಿದ ಅಲೆ ದಣಿದು ಹಿಂದಿರುಗುತ್ತದೆ. ಮೇಲೆ ಕುರಿಗಳು ಮೇಯುತ್ತಿದ್ದವು. ಅವು ಮೇಯಲು ಬಿಟ್ಟ ಕುರಿಗಳಲ್ಲ, ಕೆಲಸಕ್ಕಿಟ್ಟ ಕುರಿಗಳು: ಬಾಯಿಂದ ಹುಲ್ಲನ್ನು ಗಿಡ್ಡವಾಗಿ ದಟ್ಟವಾಗಿ ಇಡುತ್ತವೆ, ಗೊರಸಿನಿಂದ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತವೆ, ಹೆಗ್ಗಣದಂಥ ಪ್ರಾಣಿಗಳು ಕೊರೆದ ಬಿಲಗಳನ್ನು ಮುಚ್ಚುತ್ತವೆ.

ಒಡ್ಡು ಕಟ್ಟಿ ಕಡಲನ್ನು ಹೊರಗಿಟ್ಟರೆ ಸಮಸ್ಯೆಯ ಅರ್ಧ ಮಾತ್ರ ತೀರುತ್ತದೆ. ಒಳಗೆ ಬಿದ್ದ ಮಳೆಯ ನೀರು ಎಲ್ಲಿಗೆ ಹೋಗಬೇಕು? ಅದಕ್ಕೆ ಒಡ್ಡಿನ ಹೊಟ್ಟೆಯಲ್ಲಿ ಒಂದು ಬಾಗಿಲು ಬೇಕು, ಅದೇ ಸೀಲ್. ಕಡಲು ಇಳಿದಾಗ ಒಳನೀರಿನ ಒತ್ತಡಕ್ಕೆ ಬಾಗಿಲು ಹೊರಕ್ಕೆ ತೆರೆದುಕೊಂಡು ಕಾಲುವೆಯ ನೀರೆಲ್ಲ ಸಮುದ್ರಕ್ಕೆ ಹರಿಯುತ್ತದೆ. ಕಡಲು ಏರಿದಾಗ ಹೊರನೀರಿನ ಒತ್ತಡಕ್ಕೆ ಅದೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಳೆಯ ಸೀಲ್‌ಗಳನ್ನು ತೆರೆದು ಮುಚ್ಚಲು ಯಾರೂ ಕಾಯಬೇಕಾಗಿರಲಿಲ್ಲ. ಭರತ ಇಳಿತಗಳೇ ಬಾಗಿಲು ಕಾಯುತ್ತಿದ್ದವು. ಈಗ ಜೊತೆಗೆ ದೊಡ್ಡ ಪಂಪುಗಳೂ ಇವೆ, ಏಕೆಂದರೆ ಒಣಗಿದ ನೆಲ ಕುಗ್ಗುತ್ತ ತಗ್ಗುತ್ತ ಬಂದಿದೆ.

ಇಷ್ಟನ್ನು ಕೇಳಿ ನಾನು ಜೋರಾಗಿಯೇ "ಇದು ಜಂತ್ರಡಿ!" ಎಂದುಬಿಟ್ಟೆ. ಅಣ್ಣನ ಮಗಳು ತಿರುಗಿ ನೋಡಿದಳು. ಅವಳು ಊರು ಬಿಟ್ಟಾಗ ಚಿಕ್ಕವಳು. ಅಘನಾಶಿನಿ ನದಿಯ ಅಳಿವೆಯಲ್ಲಿ ಗಜನಿ ಎನ್ನುವ ಹಿನ್ನೀರಿನ ಗದ್ದೆಗಳಿವೆ. ಸುತ್ತ ಒಡ್ಡು ಕಟ್ಟಿ, ಒಡ್ಡಿನ ನಡುವೆ ಮರದ ಹಲಗೆಗಳ ತೂಬು ಇಡುತ್ತಾರೆ, ಅದೇ ಜಂತ್ರಡಿ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ತೆಗೆದು ಸಿಹಿನೀರು ಬಿಡುವುದು, ಭರತದ ಹೊತ್ತಿಗೆ ಹಾಕಿ ಉಪ್ಪುನೀರು ತಡೆಯುವುದು. ಹಾಗೆ ನೆಲದ ಉಪ್ಪನ್ನು ಮಳೆಯಿಂದಲೇ ತೊಳೆದು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದು. ಕಟಾವಾದ ಮೇಲೆ ಅದೇ ಬಾಗಿಲಿಂದ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು ಮೀನು, ಶೆಟ್ಲಿ (ಸಿಗಡಿ) ಹಿಡಿಯುವುದು. ನನ್ನ ಅಜ್ಜ ಅಮಾವಾಸ್ಯೆ ಹುಣ್ಣಿಮೆಯ ರಾತ್ರಿಗಳಲ್ಲಿ ಲಾಟೀನು ಹಿಡಿದು ಜಂತ್ರಡಿಯ ಬಳಿ ಕೂತಿರುತ್ತಿದ್ದ. ಒಂದೇ ವ್ಯತ್ಯಾಸ: ಇಲ್ಲಿಯವರು ಉಪ್ಪುನೀರನ್ನು ಶಾಶ್ವತವಾಗಿ ಹೊರಗಿಟ್ಟರು, ನಮ್ಮವರು ಅರ್ಧ ವರ್ಷ ಹೊರಗಿಟ್ಟು ಅರ್ಧ ವರ್ಷ ಮನೆಯೊಳಗೆ ಕರೆದರು. ನನ್ನ ಮಟ್ಟಿಗೆ ನಮ್ಮವರದೇ ಹೆಚ್ಚು ಜಾಣತನ. ಅದನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಅವರೇ ಮುಂದೆ.

ಉಳಿಸಿಕೊಂಡದ್ದು ಹೇಗೆ ಎಂಬುದಕ್ಕೆ ಉತ್ತರ ಅವರ ಹಳೆಯ ಒಡ್ಡಿನ ಕಟ್ಟಳೆಯಲ್ಲಿದೆ. ಒಡ್ಡಿನ ರಕ್ಷಣೆ ಪಡೆದ ಪ್ರತಿಯೊಬ್ಬ ಭೂಮಾಲೀಕನೂ ತನ್ನ ಪಾಲಿನ ಒಡ್ಡನ್ನು ತಾನೇ ನೋಡಿಕೊಳ್ಳಬೇಕಿತ್ತು. ಒಡ್ಡು ಕಟ್ಟಲೊಲ್ಲದವನು ಜಾಗ ಬಿಡಬೇಕು ಎಂಬುದು ಇಂದಿಗೂ ಇಲ್ಲಿ ಗಾದೆ. ಕೈಲಾಗದವನು ತನ್ನ ಗುದ್ದಲಿಯನ್ನು ಒಡ್ಡಿಗೆ ಚುಚ್ಚಿ ಹೊರಟುಹೋಗುತ್ತಿದ್ದ. ಆ ಗುದ್ದಲಿಯನ್ನು ಕಿತ್ತವನಿಗೆ ಹೊಲವೂ ಸೇರುತ್ತಿತ್ತು, ಒಡ್ಡಿನ ಹೊಣೆಯೂ ಸೇರುತ್ತಿತ್ತು. ಈಗಲೂ ಒಡ್ಡಿನ ಒಳಗಿನ ಭೂಮಿಯವರೆಲ್ಲ ಒಡ್ಡಿನ ಸಂಘದ ಸದಸ್ಯರು. ಪಾಲು ತೆರುವುದು ಕಡ್ಡಾಯ. ನಮ್ಮ ಗಜನಿಗಳಲ್ಲಿಯೂ ಹಿಂದೆ ರೈತರೆಲ್ಲ ಕೂಡಿಯೇ ಮಣ್ಣಿನ ಒಡ್ಡು ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಒಡ್ಡು ಕಟ್ಟಿಕೊಟ್ಟಿತು. ಕೂಡಿ ದುಡಿಯುವ ಅಗತ್ಯ ಹೋಯಿತು, ಹಿಂದೆಯೇ ಸಿಗಡಿ ಸಾಕಣೆಯ ಆಸೆ ಬಂತು, ಕಗ್ಗ ಕಡಿಮೆಯಾಯಿತು. ಒಡ್ಡು ಗಟ್ಟಿಯಾದಂತೆ ಒಕ್ಕೂಟ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಳಗ್ಗೆ ಹತ್ತರ ಹೊತ್ತಿಗೆ ಬಂದರಿನಲ್ಲಿ ಇಳಿತ. ಸಿಗಡಿ ದೋಣಿಗಳು ಕೆಸರಿನ ಮೇಲೆ ಹೊಟ್ಟೆಯೂರಿ ಕೂತಿದ್ದವು. ಇಲ್ಲಿಯ ಸಿಗಡಿ ಕಿರುಬೆರಳಿನಷ್ಟೂ ಇಲ್ಲ. ದೋಣಿಯಲ್ಲಿಯೇ ಕಡಲನೀರಿನಲ್ಲಿ ಕುದಿಸಿ ತರುತ್ತಾರೆ. ಒಂದು ಪೊಟ್ಟಣ ಕೊಂಡು ಒಡ್ಡಿನ ಮೇಲೆ ಕೂತು ಸುಲಿದೆವು. ತಲೆ ಹಿಡಿದು, ನಡು ತಿರುಚಿ, ಬಾಲ ಎಳೆಯುವ ವರಸೆ ಶೆಟ್ಲಿ ಸುಲಿದ ಕೈಗೆ ಕಷ್ಟವಾಗಲಿಲ್ಲ. ಪಕ್ಕದ ಬೆಂಚಿನ ಜರ್ಮನ್ ದಂಪತಿಗಿಂತ ಎರಡು ಪಟ್ಟು ವೇಗವಾಗಿ ಸುಲಿದೆ ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ. ಈ ಕಡಲಿನ ಸಿಗಡಿಯ ಬಹುಪಾಲು ಸುಲಿಯುವುದಕ್ಕೆಂದೇ ಶೀತಲ ಲಾರಿಗಳಲ್ಲಿ ಮೊರಾಕ್ಕೊವರೆಗೆ ಹೋಗಿ, ಸುಲಿಸಿಕೊಂಡು ಮತ್ತೆ ಇಲ್ಲಿಗೆ ಬರುತ್ತದೆ.

ನಾಲ್ಕು ಗಂಟೆಗೆ ಅದೇ ಬಂದರಿಗೆ ಮರಳಿದಾಗ ದೋಣಿಗಳು ಸುಮಾರು ಎರಡೂವರೆ ಮೀಟರ್ ಮೇಲೆದ್ದು ಕಟ್ಟೆಯ ಮಟ್ಟಕ್ಕೆ ಬಂದಿದ್ದವು. 1717ರ ಡಿಸೆಂಬರ್ 24ರ ರಾತ್ರಿ, ಕ್ರಿಸ್ಮಸ್‌ನ ಮುನ್ನಾದಿನ, ಈ ನೀರು ಕಟ್ಟೆಯ ಮಟ್ಟದಲ್ಲಿ ನಿಲ್ಲಲಿಲ್ಲ. ವಾಯವ್ಯದ ಬಿರುಗಾಳಿ ಒಡ್ಡುಗಳನ್ನು ಸೀಳಿ, ನೆದರ್ಲೆಂಡ್ಸ್‌ನಿಂದ ಡೆನ್ಮಾರ್ಕ್‌ವರೆಗಿನ ಕರಾವಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮುಳುಗಿಸಿತು. ಕಿಟ್ಟೆಲ್ ಹುಟ್ಟುವ ಹೊತ್ತಿಗೆ ಅದಕ್ಕೆ ನೂರು ವರ್ಷ ಮೀರಿತ್ತು. ಆದರೆ ಒಡ್ಡಿನ ಊರುಗಳಲ್ಲಿ ಇಂಥ ನೆನಪು ನೂರು ವರ್ಷಕ್ಕೆ ಅಳಿಯುವುದಿಲ್ಲ.

ನಾಲ್ಕನೆಯ ದಿನ, ಬುಧವಾರ

ಡೋರ್ನುಮ್‌ಗೆ ಸೇರಿದ ಇನ್ನೊಂದು ಬಂದರು ನೆಸ್ಮರ್‌ಸೀಲ್. ಇಲ್ಲಿಂದ ಬಾಲ್ಟ್ರುಮ್ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದು, ಇಳಿತದ ಹೊತ್ತಿನಲ್ಲಿ ಕಾಲ್ನಡಿಗೆಯಲ್ಲಿಯೂ ಹೋಗಬಹುದು. ಕಡಲು ಹಿಂದೆ ಸರಿದಾಗ ಬಯಲಾಗುವ ಈ ಕೆಸರುನೆಲಕ್ಕೆ ವಾಟ್ ಎಂದು ಹೆಸರು. 1986ರಿಂದ ರಾಷ್ಟ್ರೀಯ ಉದ್ಯಾನ, 2009ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಮಾರ್ಗದರ್ಶಿಯಿಲ್ಲದೆ ಹೋಗುವುದು ಜೀವದ ಮೇಲಿನ ಆಟ. ನಮ್ಮ ಮಾರ್ಗದರ್ಶಿ ಅರವತ್ತರ ಗಟ್ಟಿಮುಟ್ಟಾದ ಹೆಂಗಸು. ಬೆನ್ನಿಗೆ ಚೀಲ, ಕೈಯಲ್ಲಿ ಮೂರು ಮೊನೆಯ ಸಲಿಕೆ. ಹೊರಡುವ ಮುನ್ನ ನಮ್ಮನ್ನು ಎರಡು ಸಲ ಎಣಿಸಿದರು, ದಾರಿಯಲ್ಲಿ ಇನ್ನೂ ಹಲವು ಸಲ ಎಣಿಸಿದರು.

ಮೊದಲು ಒಡ್ಡಿನ ಹೊರಗಿನ ಉಪ್ಪು ಹುಲ್ಲುಗಾವಲನ್ನು ಕಾಲುದಾರಿಯ ಮೇಲೆ ದಾಟಬೇಕು. ದಾರಿ ಬಿಟ್ಟು ಕಾಲಿಡುವಂತಿಲ್ಲ, ಹಕ್ಕಿಗಳು ಗೂಡು ಕಟ್ಟುವ ಕಾಲ. ಕೆಂಪು ಕೊಕ್ಕಿನ, ಕಪ್ಪು ಬಿಳಿ ಮೈಯ ಸಿಂಪಿಬಾಕ ಹಕ್ಕಿಗಳು ನಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತಿದವು. ಸೈಬೀರಿಯದಿಂದ ಆಫ್ರಿಕಕ್ಕೆ ಹೋಗಿ ಬರುವ ಒಂದು ಕೋಟಿಗೂ ಹೆಚ್ಚು ವಲಸೆ ಹಕ್ಕಿಗಳಿಗೆ ಈ ಕೆಸರೇ ದಾರಿಯ ಛತ್ರ. ಹುಲ್ಲುಗಾವಲಿನ ಕೊನೆಯಲ್ಲಿ, ಕೆಸರು ಶುರುವಾಗುವ ಕಡೆ, ಗೇಣುದ್ದದ ಗಂಟುಗಂಟಾದ ರಸಭರಿತ ಗಿಡವೊಂದು ನಿಂತಿತ್ತು. ಮಾರ್ಗದರ್ಶಿ ಅಪ್ಪಣೆ ಕೊಟ್ಟ ಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡೆ: ಉಪ್ಪಿನಲ್ಲಿ ಅದ್ದಿದ ಎಳೆ ಮಾವಿನಮಿಡಿಯಂತೆ ಕರಕರ. ಉಪ್ಪುನೀರಿನಲ್ಲಿಯೇ ಬೇರೂರಿ, ಹೊಸ ಕೆಸರನ್ನು ಹಿಡಿದಿಟ್ಟು ನೆಲವಾಗಿಸುವ ಮೊದಲ ಗಿಡ ಇದು. ಕಗ್ಗದ ಬಂಧುವಲ್ಲದಿದ್ದರೂ ಅದರ ಕಸುಬಿನದು.

ಬೂಟು ಕಳಚಿ ಕೆಸರಿಗೆ ಇಳಿದೆ. ಮೊದಲ ಹೆಜ್ಜೆಗೆ ಮೀನಖಂಡದವರೆಗೆ ಹೂತುಹೋಯಿತು, ಎಳೆದಾಗ ಪಚಕ್ಕೆಂದು ಬಂತು. ತಂಪು ಬೆಣ್ಣೆಯಂಥ ಕೆಸರು. ಮೇಲೆ ತೆಳುವಾದ ಕಂದು ಪದರ, ಅದರ ಕೆಳಗೆ ಕಾಡಿಗೆಯಂತೆ ಕಪ್ಪು. ಕಪ್ಪು ಮೇಲೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ. ಜೊತೆಯವರು ಮೂಗು ಮುಚ್ಚಿಕೊಂಡರು. ನನಗೆ ಅದು ಅಜ್ಜನ ಕಾಲಿನ ವಾಸನೆ. ಗಜನಿಯಿಂದ ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕಾಲು ತೊಳೆಯುವಾಗ ಬರುತ್ತಿದ್ದುದು ಇದೇ. ಇದನ್ನು ಅಣ್ಣನ ಮಗಳಿಗೆ ಹೇಳಿದೆ. ಅವಳು ಬಗ್ಗಿ ಒಂದು ಹಿಡಿ ಕೆಸರು ತೆಗೆದು ಮೂಸಿ, "ಅಷ್ಟೇನೂ ಕೆಟ್ಟದಾಗಿಲ್ಲ ಚಿಕ್ಕಪ್ಪ" ಎಂದಳು; ಮರ್ಯಾದೆಗೆ ಹೇಳಿದ್ದು.

ಅರ್ಧ ಗಂಟೆಯ ನಂತರ ನೆಲ ಗಟ್ಟಿಯಾಯಿತು, ಮರಳು ಹೆಚ್ಚಾಯಿತು. ಶಾವಿಗೆ ಒರಳಿನಿಂದ ಒತ್ತಿ ಇಳಿಸಿದಂತೆ ಸುರುಳಿ ಸುರುಳಿಯಾದ ಮರಳಿನ ಮುದ್ದೆಗಳು ಎಲ್ಲೆಲ್ಲೂ ಬಿದ್ದಿದ್ದವು. ಮಾರ್ಗದರ್ಶಿ ಒಂದರ ಪಕ್ಕ ಸಲಿಕೆ ಹಾಕಿ ಮಣ್ಣು ಮಗುಚಿದಾಗ ಬೆರಳು ದಪ್ಪದ ಹುಳು ಮುದುರಿಕೊಂಡು ಕಂಡಿತು. ಮರಳನ್ನು ನುಂಗಿ, ಅದರೊಳಗಿನ ಆಹಾರ ಹೀರಿ, ಶುದ್ಧವಾದ ಮರಳನ್ನು ಹೊರಹಾಕುವುದು ಅದರ ದಿನಚರಿ. ಅದನ್ನು ಅಂಗೈ ಮೇಲಿಟ್ಟುಕೊಂಡು ತೋರಿಸಿ, ಮತ್ತೆ ಅದೇ ಗುಂಡಿಯಲ್ಲಿಟ್ಟು, ಮಣ್ಣು ಮುಚ್ಚಿ, ಮೇಲೆ ಸ್ವಲ್ಪ ನೀರು ಚಿಮುಕಿಸಿದರು.

ನಡುದಾರಿಯಲ್ಲಿ ಹಿಂದಿರುಗಿ ನೋಡಿದಾಗ ಒಡ್ಡು ಒಂದು ಹಸಿರು ಗೆರೆಯಾಗಿತ್ತು, ಮುಂದೆ ದ್ವೀಪ ಒಂದು ಬೂದು ಗೆರೆ. ನಡುವೆ ನಾವು ಮಾತ್ರ, ಕಡಲಿನ ತಳದಲ್ಲಿ. ಇಳಿತದಲ್ಲಿಯೂ ನೀರು ಬತ್ತದ ಕಾಲುವೆಗಳಿವೆ, ಅವಕ್ಕೆ ಪ್ರೀಲ್ ಎನ್ನುತ್ತಾರೆ. ದೊಡ್ಡದೊಂದನ್ನು ತೊಡೆಮಟ್ಟ ನೀರಿನಲ್ಲಿ ಒಬ್ಬರ ಹಿಂದೆ ಒಬ್ಬರು ದಾಟಿದೆವು. ಅಪಾಯ ಎಲ್ಲಿದೆಯೆಂದರೆ, ಭರತದ ನೀರು ಮುಂದಿನಿಂದ ಅಲೆಯಾಗಿ ಬರುವುದಿಲ್ಲ. ಮೊದಲು ಈ ಕಾಲುವೆಗಳು ಸದ್ದಿಲ್ಲದೆ ತುಂಬಿಕೊಳ್ಳುತ್ತವೆ. ಮುಂದೆ ಒಣನೆಲ ಕಾಣುತ್ತಿರುವಾಗಲೇ ಹಿಂದಿನ ದಾರಿ ಮುಚ್ಚಿರುತ್ತದೆ. ಮೇಲೆ ಮಂಜು ಕವಿದರೆ ದಿಕ್ಕೂ ಹೋಗುತ್ತದೆ. ಹೊರಟ ಮೇಲೆ ಎರಡೂವರೆ ಗಂಟೆಗೆ ದ್ವೀಪ ಮುಟ್ಟಿದೆವು.

ಬಾಲ್ಟ್ರುಮ್ ಈ ಸಾಲಿನ ಜನವಸತಿಯ ಏಳು ದ್ವೀಪಗಳಲ್ಲಿ ಅತಿ ಚಿಕ್ಕದು. ಮೋಟಾರು ಕಾರುಗಳಿಲ್ಲ, ಸಾಮಾನು ಹೊರುವುದು ಕುದುರೆಗಾಡಿ. ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ಕಟ್ಟಿದ ಕ್ರಮದಲ್ಲಿ ಸಂಖ್ಯೆ, ಹಾಗಾಗಿ ಅಕ್ಕಪಕ್ಕದ ಮನೆಗಳ ಸಂಖ್ಯೆಗೆ ತಾಳಮೇಳವಿಲ್ಲ. ಕಾಲು ತೊಳೆದು, ಬಟಾಟೆ ಸೂಪು ಕುಡಿದು, ದಿಬ್ಬದ ಹುಲ್ಲಿನಲ್ಲಿ ನಿದ್ದೆ ಮಾಡಿದೆವು. ಸಂಜೆ ನೀರು ತುಂಬಿದ ಮೇಲೆ ಬಂದ ದೋಣಿ ಬೆಳಗ್ಗೆ ನಾವು ನಡೆದುಬಂದ ಕಡಲಿನ ಮೇಲೆಯೇ ಅರ್ಧ ಗಂಟೆಯಲ್ಲಿ ನೆಸ್ಮರ್‌ಸೀಲ್‌ಗೆ ಮುಟ್ಟಿಸಿತು.

ಐದನೆಯ ದಿನ, ಗುರುವಾರ

ಹೊರಡುವ ದಿನ ಬೆಳಗ್ಗೆ ಎರಡು ಕಡೆ ಹೋದೆವು. ಊರಿನ ಗಾಳಿಗಿರಣಿ 1626ರದು. ಒಂದೇ ದಪ್ಪ ಕಂಬದ ಮೇಲೆ ಇಡೀ ಗಿರಣಿಮನೆ ಕೂತಿದೆ, ಗಾಳಿ ದಿಕ್ಕು ಬದಲಿಸಿದರೆ ಹಿಂದಿನ ಉದ್ದನೆಯ ತೊಲೆಯನ್ನು ನೂಕಿ ಮನೆಯನ್ನೇ ತಿರುಗಿಸಬೇಕು. ಪೂರ್ವ ಫ್ರೀಸಿಯದಲ್ಲಿ ಈ ಮಾದರಿಯದು ಇದೊಂದೇ ಉಳಿದಿದೆ.

ಇನ್ನೊಂದು, ಊರಿನ ಯಹೂದಿಗಳ ಪ್ರಾರ್ಥನಾ ಮಂದಿರ. 1841ರಲ್ಲಿ ಕಟ್ಟಿದ, ಪಕ್ಕದ ಮನೆಗಳಿಗಿಂತ ಹೆಚ್ಚು ದೊಡ್ಡದಲ್ಲದ ಇಟ್ಟಿಗೆಯ ಕಟ್ಟಡ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ಇಂಥ ಮಂದಿರಗಳಿಗೆ ನಾಜಿಗಳು ಬೆಂಕಿ ಹಚ್ಚಿದರು. ಡೋರ್ನುಮ್‌ನ ಈ ಕಟ್ಟಡ ಅದಕ್ಕೆ ಎರಡೇ ದಿನ ಮೊದಲು ಒಬ್ಬ ಬಡಗಿಗೆ ಮಾರಾಟವಾಗಿತ್ತು. ಅದಾಗಲೇ ಬೇರೆಯವರ ಆಸ್ತಿಯೆಂಬ ಕಾರಣಕ್ಕೆ ಸುಡಲಿಲ್ಲ. ಒಳಗಿನ ಸಾಮಗ್ರಿಯನ್ನು ಮಾತ್ರ 'ಬಿಡಲಿಲ್ಲ': ಮಾರುಕಟ್ಟೆಯ ಚೌಕಕ್ಕೆ ಹೊತ್ತು ತಂದು ಉರಿಸಿದರು. ನೆರೆಯವರ ಮೇಲೆ ಕರುಣೆ ಬಂದು ಕಟ್ಟಡ ಉಳಿಯಲಿಲ್ಲ, ಕ್ರಯಪತ್ರದ ಬಲದಿಂದ ಉಳಿಯಿತು. ಒಡ್ಡಿನ ಮೇಲೆ ಎಲ್ಲರೂ ಕೂಡಿ ನಿಂತ ಊರೇ ಇದು ಎಂಬುದನ್ನು ನೆನೆದು ನಾನು ಆ ಚೌಕದಲ್ಲಿ ತುಸು ಹೊತ್ತು ನಿಂತೆ. ನಿನ್ನೆ ಮೊನ್ನೆ ಅದೇ ಚೌಕವನ್ನು ಸೈಕಲ್ಲಿನಲ್ಲಿ ಮೂರು ಸಲ ದಾಟಿದ್ದೆ. ಮಂದಿರ ಈಗ ಸ್ಮಾರಕ. ಒಳಗೆ ಇಲ್ಲಿಂದ ಹೊರಟುಹೋದ, ಕೊಲ್ಲಲ್ಪಟ್ಟ ಕುಟುಂಬಗಳ ಚಿತ್ರಗಳಿವೆ. ನೋಡುತ್ತ ಹೋದ ನಾವಿಬ್ಬರೂ ಮಾತಾಡಲಿಲ್ಲ.

ಗುರುವಾರ ರೈಲಿಲ್ಲ. ನೋರ್ಡೆನ್‌ಗೆ ಹೋಗುವ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಅಣ್ಣನ ಮಗಳು ಊರಿಗೆ ಫೋನ್ ಹಚ್ಚಿ, ಅಪ್ಪನ ಹತ್ತಿರ ಸ್ವಲ್ಪ ಮಾತಾಡಿ, ನನ್ನ ಕೈಗೆ ಕೊಟ್ಟಳು. ಅಣ್ಣ ಇನ್ನೂ ಗಜನಿ ಬಿಟ್ಟಿಲ್ಲ. ಒಂದಿಷ್ಟು ಕಗ್ಗ ಪ್ರತಿವರ್ಷ ಬಿತ್ತುತ್ತಾನೆ. ನಾನು ಕಿಟ್ಟೆಲ್ ಅವರ ಚರ್ಚು, ಆರ್ಗನ್, ಕೋಟೆ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ "ಹೂಂ" ಮಾತ್ರ ಬಂತು. ಸೀಲ್‌ನ ಬಾಗಿಲು ಭರತಕ್ಕೆ ತಾನಾಗಿ ಮುಚ್ಚಿಕೊಳ್ಳುವ ಸಂಗತಿ ಹೇಳಿದಾಗ ಅವನ ಧ್ವನಿ ಹತ್ತಿರ ಬಂತು. ಕೀಲು ಯಾವ ಬದಿಗೆ, ಬಾಗಿಲು ಒಂಟಿಯೋ ಜೋಡಿಯೋ ಎಂದು ಕೇಳಿದ. ಜೋಡಿ ಎಂದೆ.

"ಹಳೇ ಕಾಲದಲ್ಲಿ ಯಾವ ಮರ ಹಾಕುತ್ತಿದ್ದರಂತೆ, ತಮ್ಮಾ? ಉಪ್ಪುನೀರಿಗೆ ಎಷ್ಟು ವರ್ಷ ಬರುತ್ತಿತ್ತಂತೆ?"

ಅದನ್ನು ನಾನು ಕೇಳಿರಲಿಲ್ಲ. ಐದು ದಿನದಲ್ಲಿ ಎಷ್ಟೊಂದು ಇಸವಿಗಳನ್ನು ಬರೆದುಕೊಂಡಿದ್ದೆ. ಪುಸ್ತಕ ತಿರುವಿದರೆ ಮರದ ಹೆಸರು ಎಲ್ಲಿಯೂ ಇರಲಿಲ್ಲ. ಅಣ್ಣನ ಮಗಳು ಗಡಿಯಾರ ನೋಡಿ, ಒಡತಿಯ ಮನೆ ಎರಡೇ ನಿಮಿಷದ ದಾರಿ, ಓಡಿ ಹೋಗಿ ಕೇಳಿ ಬರುತ್ತೇನೆ ಎಂದು ಎದ್ದಳು.